ಶಿಂಕಾವಾ ಕೇರಿಯ ಕಾಗವಾ

ಮುಂಜಾನೆ ಶಾಲೆಗೆ ಬರುವ ಹಾದಿಯಲ್ಲಿ, ಅಂಗಡಿಗಳ ಬಾಗಿಲು ತೆರೆಯುವುದಕ್ಕೆ ಮುಂಚೆ, ಕಾಲುದಾರಿಯ ಮೇಲೆ ಗೋಣಿಚೀಲ ಹೊದೆದು ಮಲಗಿರುವವರನ್ನು ನಾವೆಲ್ಲರೂ ಕಂಡಿದ್ದೇವೆ. ಕಂಡು, ಬಳಸಿಕೊಂಡು, ಮುಂದೆ ನಡೆದಿದ್ದೇವೆ. ಕೈಯಲ್ಲಿ ಚಿಲ್ಲರೆಯಿದ್ದಾಗ ಕೊಟ್ಟಿರಲೂಬಹುದು. ಆದರೆ ಅವರ ಹೆಸರೇನೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಅಂಥವರ ಹೆಸರನ್ನು ಕೇಳಿದುದು ಮಾತ್ರವಲ್ಲದೆ, ತಮ್ಮ ಚಾಪೆಯಲ್ಲಿ ಅರ್ಧವನ್ನು ಅವರಿಗೆ ಬಿಟ್ಟುಕೊಟ್ಟು, ಅವರ ರೋಗದಲ್ಲಿಯೂ ಪಾಲನ್ನು ಪಡೆದ ಜಪಾನೀ ಮಹನೀಯರೊಬ್ಬರ ಜೀವನವನ್ನು ಇಲ್ಲಿ ಹೇಳಹೊರಟಿದ್ದೇವೆ. ಟೊಯೊಹಿಕೊ ಕಾಗವಾ ಎಂಬುದು ಅವರ ಹೆಸರು. ಅವರು ನಮ್ಮ ಊರಿಗೆ ಪೂರ್ತಿ ಅಪರಿಚಿತರೇನೂ ಅಲ್ಲ. 1938ರ ಡಿಸೆಂಬರಿನಲ್ಲಿ ತಾಂಬರಂನ ಕ್ರಿಶ್ಚಿಯನ್ ಕಾಲೇಜಿನಲ್ಲಿ ನಡೆದ ಜಾಗತಿಕ ಕ್ರೈಸ್ತ ಸಮ್ಮೇಳನಕ್ಕೆ ಅವರು ಬಂದಿದ್ದರು. ಇಂದು ನಾವು ಬೀಚ್ ನಿಲ್ದಾಣದಿಂದ ರೈಲು ಹತ್ತಿ ತಾಂಬರಂನಲ್ಲಿ ಇಳಿಯುವಾಗ, ಈ ಮನುಷ್ಯನೂ ಒಮ್ಮೆ ಇಲ್ಲಿಯೇ ಓಡಾಡಿದನೆಂಬುದು ನಮಗೆ ನೆನಪಾಗುವುದಿಲ್ಲ.

ಕಾಗವಾ ಹುಟ್ಟಿದುದು 1888ರ ಜುಲೈ 10ರಂದು, ಕೋಬೆ ಎಂಬ ರೇವುಪಟ್ಟಣದಲ್ಲಿ. ತಂದೆ ಸ್ಥಿತಿವಂತ, ಅಧಿಕಾರದಲ್ಲಿ ಇದ್ದು ಬಂದವನು. ತಾಯಿ ಹಾಡು ಕುಣಿತಗಳಿಂದ ಜೀವಿಸುತ್ತಿದ್ದ ಗೈಷಾ ವರ್ಗದವಳು. ಅವಳು ಮದುವೆಯಾದ ಹೆಂಡತಿಯಲ್ಲ. ಮಗುವಿಗೆ ನಾಲ್ಕು ವರ್ಷ ತುಂಬಿದ ಸ್ವಲ್ಪ ಕಾಲದಲ್ಲಿಯೇ ತಂದೆ ತೀರಿಕೊಂಡನು. ಅದಾದ ಕೆಲವೇ ವಾರಗಳಲ್ಲಿ ತಾಯಿಯೂ ಕಣ್ಮುಚ್ಚಿದಳು. ಅನಾಥ ಬಾಲಕನನ್ನು ಅವಾ ಸೀಮೆಯ ಪೂರ್ವಿಕರ ಮನೆಗೆ ಕಳುಹಿಸಿದರು. ಅದು ದೊಡ್ಡ ಮನೆ, ಕಣಜಗಳಿದ್ದುವು, ಆಳುಕಾಳುಗಳಿದ್ದರು. ಇಲ್ಲದಿದ್ದುದು ಪ್ರೀತಿಯೊಂದೇ. ತಂದೆಯ ಧರ್ಮಪತ್ನಿಯ ಕಣ್ಣಿಗೆ ಆ ಹುಡುಗನು ತನ್ನ ದುಃಖದ ಜೀವಂತ ಸಾಕ್ಷಿಯಾಗಿದ್ದನು. ತನ್ನದೆಂಬ ಮನೆಯಿಲ್ಲದಿರುವುದು ಎಂದರೆ ಏನೆಂಬುದನ್ನು ಟೊಯೊಹಿಕೊ ತುಂಬಿದ ಮನೆಯೊಳಗೇ ಕಲಿತನು. ಮುಂದೆ ಅಣ್ಣನ ದುಂದುಗಾರಿಕೆಯಿಂದ ಆ ಸಿರಿಯೂ ಕರಗಿಹೋಯಿತು.

ತೊಕುಷಿಮಾ ಪಟ್ಟಣದಲ್ಲಿ ಓದುತ್ತಿದ್ದಾಗ ಇಂಗ್ಲಿಷ್ ಕಲಿಯುವ ಆಸೆಯಿಂದ ಆತನು ಲೋಗನ್ ಮತ್ತು ಮೈಯರ್ಸ್ ಎಂಬ ಇಬ್ಬರು ಅಮೆರಿಕನ್ ಪಾದ್ರಿಗಳ ಬಳಿಗೆ ಹೋದನು. ಭಾಷೆಯ ಜೊತೆಗೆ ಆ ಮನೆಗಳಲ್ಲಿ ಆತನಿಗೆ ವಾತ್ಸಲ್ಯವೂ ದೊರೆಯಿತು. 1904ರಲ್ಲಿ ಕ್ರೈಸ್ತ ದೀಕ್ಷೆಯನ್ನು ಪಡೆದನು. ಧರ್ಮಬೋಧಕನಾಗುತ್ತೇನೆಂದು ಹೇಳಿದ್ದೇ ತಡ, ಸಾಕುತ್ತಿದ್ದ ಚಿಕ್ಕಪ್ಪನು ಕೈಬಿಟ್ಟನು. ಟೋಕಿಯೋದ ಮೇಜಿ ಗಾಕುಯಿನ್ ಕಾಲೇಜಿನಲ್ಲಿ ಎರಡು ವರ್ಷ ಓದಿ, 1907ರಲ್ಲಿ ಕೋಬೆಯ ಧರ್ಮಶಾಸ್ತ್ರ ಶಾಲೆಯನ್ನು ಸೇರುವ ಹೊತ್ತಿಗೆ ಆತನ ಶ್ವಾಸಕೋಶವನ್ನು ಕ್ಷಯ ಹಿಡಿದಿತ್ತು. ಆ ಬೇಸಗೆಯಲ್ಲಿ ತೊಯೊಹಾಷಿ ಎಂಬ ಊರಿನ ಬೀದಿಬೀದಿಗಳಲ್ಲಿ ನಿಂತು ಬೋಧಿಸುತ್ತ ಕುಸಿದುಬಿದ್ದಾಗ, ನಾಗಾವೋ ಎಂಬ ಬಡ ಪಾದ್ರಿ ಸೋಂಕಿಗೆ ಅಂಜದೆ ಆತನನ್ನು ತನ್ನ ಮನೆಯಲ್ಲಿಯೇ ಮಲಗಿಸಿಕೊಂಡು ಉಪಚರಿಸಿದನು. ಕಾಗವಾ ಮುಂದೆ ಮಾಡಿದ ಎಲ್ಲದರ ಬೀಜ ಈ ಮನೆಯಲ್ಲಿದೆಯೆಂದು ನಮಗೆ ತೋರುತ್ತದೆ. ತಾನು ರೋಗಿಯಾಗಿದ್ದಾಗ ಯಾರೋ ಒಬ್ಬರು ಪಕ್ಕದಲ್ಲಿ ಕುಳಿತರು. ಅದನ್ನು ಆತನು ಮರೆಯಲಿಲ್ಲ.

ಇನ್ನು ಬದುಕುವುದು ಕೆಲವೇ ವರ್ಷವೆಂದು ಆತನಿಗೆ ಅನ್ನಿಸಿತ್ತು. ಉಳಿದಷ್ಟು ದಿನಗಳನ್ನು ಎಲ್ಲಿ ಕಳೆಯಬೇಕು? ಕೋಬೆಯಲ್ಲಿ ಶಿಂಕಾವಾ ಎಂಬ ಕೇರಿಯಿದ್ದಿತು. ಹಡಗುಗಳ ಸರಕು ಹೊರುವವರು, ಚಿಂದಿ ಆಯುವವರು, ಭಿಕ್ಷುಕರು, ಜೈಲಿನಿಂದ ಬಿಡುಗಡೆಯಾಗಿ ಬಂದವರು, ಎಲ್ಲರೂ ಅಲ್ಲಿಗೆ ಬಂದು ಸೇರುತ್ತಿದ್ದರು. ಮನೆಯೆಂದು ಕರೆಯುತ್ತಿದ್ದುದು ಎರಡು ಮೂರು ಚಾಪೆ ಹಾಸುವಷ್ಟು ಅಗಲದ ಗೂಡು. ಅದೂ ಇಲ್ಲದವರಿಗೆ ರಾತ್ರಿಯ ಲೆಕ್ಕದಲ್ಲಿ ಬಾಡಿಗೆ ಕೊಡುವ ಅಗ್ಗದ ವಸತಿಗಳಿದ್ದುವು. ಆ ಬಾಡಿಗೆಗೂ ಗತಿಯಿಲ್ಲದ ದಿನ ಬಯಲೇ ಮನೆ. ಕಾಗವಾ ಅಲ್ಲಿಗೆ ದಿನವೂ ಹೋಗಿ ಬೀದಿಯಲ್ಲಿ ನಿಂತು ಬೋಧಿಸುತ್ತಿದ್ದರು. ಸಂಜೆ ವಿದ್ಯಾರ್ಥಿನಿಲಯದ ಊಟಕ್ಕೆ ಮರಳುತ್ತಿದ್ದರು. ಈ ಮರಳುವಿಕೆಯೇ ಅವರ ಮನಸ್ಸನ್ನು ಕೊರೆಯಿತು. ರಾತ್ರಿಯಾಗುತ್ತಲೇ ಬಿಟ್ಟುಹೋಗುವವನ ಮಾತನ್ನು ಅವರು ಏಕೆ ನಂಬಬೇಕು?

1909ರ ಡಿಸೆಂಬರ್ 24, ಕ್ರಿಸ್ಮಸ್ ಹಬ್ಬದ ಮುನ್ನಾದಿನ. ಇಪ್ಪತ್ತೊಂದು ವರ್ಷದ ಆ ತರುಣರು ಹಾಸಿಗೆಯನ್ನೂ ಪುಸ್ತಕಗಳನ್ನೂ ಕೈಗಾಡಿಯಲ್ಲಿ ಹೇರಿಕೊಂಡು, ತಾವೇ ಎಳೆಯುತ್ತ ಶಿಂಕಾವಾಕ್ಕೆ ಬಂದರು. ಅವರು ಹಿಡಿದ ಗೂಡಿನಲ್ಲಿ ಹಿಂದೆ ಒಂದು ಕೊಲೆ ನಡೆದಿತ್ತು. ಸತ್ತವನ ದೆವ್ವ ಅಲ್ಲಿದೆಯೆಂದು ಹೆದರಿ ಯಾರೂ ವಾಸಕ್ಕೆ ಬರುತ್ತಿರಲಿಲ್ಲವಾದುದರಿಂದ ಬಾಡಿಗೆ ಕಡಿಮೆ.

ಒಳಹೊಕ್ಕ ಕೆಲವೇ ದಿನಗಳಲ್ಲಿ ಅತಿಥಿಗಳು ಬಂದರು. ಮೈತುಂಬ ಕಜ್ಜಿ ಎದ್ದ ಒಬ್ಬನು ಬಂದು ಮಲಗಲು ಜಾಗ ಕೇಳಿದನು. ಹೊಸಬನ ಪರೀಕ್ಷೆಗೆಂದು ಕೇರಿಯ ಜನ ನೋಡುತ್ತಿದ್ದರೋ ಏನೋ, ಕಾಗವಾ ಇಲ್ಲವೆನ್ನಲಿಲ್ಲ. ಕೊಲೆಮಾಡಿ ಶಿಕ್ಷೆ ಅನುಭವಿಸಿ ಬಂದ ಇನ್ನೊಬ್ಬನು, ಕೊಲೆಯಾದವನ ದೆವ್ವಕ್ಕೆ ಹೆದರಿ ರಾತ್ರಿಯಿಡೀ ನಿದ್ರಿಸಲಾರದೆ ನರಳುತ್ತಿದ್ದನು. ಕಾಗವಾ ಅವನ ಪಕ್ಕದಲ್ಲಿ ಮಲಗಿ ಅವನ ಕೈಯನ್ನು ಹಿಡಿದುಕೊಳ್ಳುತ್ತಿದ್ದರು. ಆಗ ಮಾತ್ರ ಅವನಿಗೆ ನಿದ್ರೆ ಬರುತ್ತಿತ್ತು. ಅವರ ಜೀವನದ ದೊಡ್ಡ ಕಾರ್ಯಗಳ ಪಟ್ಟಿಯಲ್ಲಿ ಈ ಸಂಗತಿ ಸೇರುವುದಿಲ್ಲ. ನಮಗಾದರೋ ಇದೇ ಬಹುಕಾಲ ನೆನಪಿನಲ್ಲಿ ಉಳಿಯಿತು.

ಹೀಗೆ ಒಂದೇ ಹಾಸಿಗೆಯಲ್ಲಿ ಮಲಗಿದುದರ ಫಲವಾಗಿ ಟ್ರಕೋಮಾ ಎಂಬ ಕಣ್ಣಿನ ಅಂಟುರೋಗ ಅವರಿಗೆ ತಗುಲಿತು. ರೆಪ್ಪೆಯ ಒಳಭಾಗ ಒರಟಾಗಿ ಕಣ್ಣಿನ ಗುಡ್ಡೆಯನ್ನು ಉಜ್ಜುವ ರೋಗವಿದು. ಕ್ರಮೇಣ ದೃಷ್ಟಿಯನ್ನೇ ಕಸಿದುಕೊಳ್ಳುತ್ತದೆ. ಬದುಕಿನುದ್ದಕ್ಕೂ ಇದು ಅವರನ್ನು ಕಾಡಿತು. ಹಲವು ಬಾರಿ ಕಣ್ಣು ಕಾಣದೆ ಮಲಗಿದರು.

ಒಬ್ಬ ಕುಡುಕನು ಬಂದು, ಕ್ರಿಸ್ತನ ಅನುಯಾಯಿಯಾದರೆ ಅಂಗಿ ಕೊಡೆಂದು ಸವಾಲು ಹಾಕಿದನು. ಅಂಗಿಯನ್ನು ಕೊಟ್ಟರು. ಮರುದಿನ ಬಂದು ಕೋಟನ್ನೂ ಷರಾಯಿಯನ್ನೂ ಕೇಳಿದನು, ಅವನ್ನೂ ಕೊಟ್ಟರು. ಉಡಲು ಏನೂ ಉಳಿಯದಿರಲು ನೆರೆಯ ಹೆಂಗಸೊಬ್ಬಳು ತನ್ನ ಕಿಮೋನೊವನ್ನು ಕೊಟ್ಟಳು. ಕೆಂಪು ಅಂಚು ಇಣುಕುವ ಆ ಹೆಣ್ಣುಡುಗೆಯಲ್ಲಿಯೇ ಕೆಲವು ಕಾಲ ಓಡಾಡಿದರಂತೆ. ಇನ್ನೊಬ್ಬನು ಹಣ ಸಿಕ್ಕಲಿಲ್ಲವೆಂದು ಗುದ್ದಿ ಅವರ ಮುಂಭಾಗದ ಹಲ್ಲುಗಳನ್ನು ಮುರಿದನು. ಬಡವರೆಲ್ಲರೂ ದೇವತೆಗಳೆಂದು ಬರೆಯುವ ಪುಸ್ತಕಗಳು ಕಾಗವಾ ಅವರಿಗೆ ನಗುವನ್ನು ತಂದಿರಬೇಕು. ಅವರು ಅಲ್ಲಿ ಇದ್ದುದು ಜನ ಒಳ್ಳೆಯವರೆಂದಲ್ಲ.

ಆ ಕೇರಿಯಲ್ಲಿ ಹೇಳಲು ನಾಲಗೆ ಏಳದಂತಹ ಒಂದು ವೃತ್ತಿಯೂ ಇದ್ದಿತು. ಬೇಡವಾದ ಹಸುಗೂಸುಗಳನ್ನು ಸಾಕುತ್ತೇವೆಂದು ಸ್ವಲ್ಪ ಹಣ ಪಡೆದು ತಂದು, ತೆಳು ಗಂಜಿಯನ್ನು ಮಾತ್ರ ಕುಡಿಸಿ ಸಾಯಲು ಬಿಡುತ್ತಿದ್ದರು. ಅಂಥ ಒಂದು ಕೂಸನ್ನು ಕಾಗವಾ ಮನೆಗೆ ಎತ್ತಿತಂದು, ಹಾಲು ಕಾಯಿಸಿ ಕುಡಿಸಿ, ರಾತ್ರಿಯೆಲ್ಲ ಎದ್ದು ಬಟ್ಟೆ ಬದಲಿಸಿ ಪಾಲಿಸಿದರು. ಹಗಲು ಅವರಿಗೆ ತರಗತಿಗಳಿದ್ದುವು. ಖರ್ಚಿಗಾಗಿ ಹೊಗೆಗೂಡುಗಳ ಮಸಿ ತೆಗೆಯುವ ಕೆಲಸವನ್ನೂ ಮಾಡುತ್ತಿದ್ದರು.

ಅವರ ಎಲ್ಲ ಪ್ರಯತ್ನಗಳೂ ಗೆದ್ದುವೆಂದು ತಿಳಿಯಬೇಡಿರಿ. ಕೂಲಿಕಾರರಿಗೆ ಅಗ್ಗದಲ್ಲಿ ಊಟ ಸಿಗಲೆಂದು ಸ್ವರ್ಗದ ಹೆಸರಿಟ್ಟು ಒಂದು ಖಾನಾವಳಿಯನ್ನು ತೆರೆದರು. ಉಂಡವರಲ್ಲಿ ಅನೇಕರು ಹಣ ಕೊಡಲಿಲ್ಲ. ಸ್ವರ್ಗ ಬಹುಬೇಗ ಮುಚ್ಚಿತು.

1913ರಲ್ಲಿ ಶಿಬಾ ಹರು ಎಂಬಾಕೆಯನ್ನು ವಿವಾಹವಾದರು. ಆಕೆ ಮುದ್ರಣಾಲಯವೊಂದರಲ್ಲಿ ದುಡಿಯುತ್ತಿದ್ದವಳು. ಕೇರಿಯ ಸೇವೆಗೆ ತಾನಾಗಿ ಬಂದು ಸೇರಿದವಳು. ನವವಧುವನ್ನು ಕರೆತಂದುದು ಅದೇ ಗೂಡಿಗೆ. ಅಲ್ಲಿ ಆಗಲೇ ಗತಿಯಿಲ್ಲದ ಹಲವರು ನೆಲೆಸಿದ್ದರು. ಅವರೇ ಅವಳ ಮನೆಮಂದಿ. ಕೆಲವು ವರ್ಷಗಳ ಮೇಲೆ ಹರುವಿಗೂ ಅದೇ ಟ್ರಕೋಮಾ ತಗುಲಿ ಒಂದು ಕಣ್ಣಿನ ದೃಷ್ಟಿ ಹೋಯಿತು. ಗಂಡನ ಕೀರ್ತಿಯನ್ನು ಬರೆದವರು ಇವಳ ವಿಷಯವನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ. ನಾವೂ ಹೆಚ್ಚು ಬರೆಯಲಿಲ್ಲವೆಂಬ ನಾಚಿಕೆ ನಮಗಿದೆ.

1914ರಿಂದ 1917ರವರೆಗೆ ಕಾಗವಾ ಅಮೆರಿಕದಲ್ಲಿದ್ದು ಪ್ರಿನ್ಸ್ಟನ್ನಿನಲ್ಲಿ ಓದಿದರು. ಆ ಅವಧಿಯಲ್ಲಿ ಹರು ಯೋಕೊಹಾಮಾದಲ್ಲಿ ಅಭ್ಯಾಸಮಾಡಿದಳು. ನ್ಯೂಯಾರ್ಕಿನ ಬೀದಿಗಳಲ್ಲಿ ಕಾರ್ಮಿಕರ ಮೆರವಣಿಗೆಯನ್ನು ಕಂಡು ಅವರ ಯೋಚನೆ ಹೊಸ ದಿಕ್ಕಿಗೆ ಹೊರಳಿತು. ಒಬ್ಬನಿಗೆ ಚಾಪೆ ಹಾಸುವಷ್ಟರಲ್ಲಿ ಇನ್ನಿಬ್ಬರು ಬೀದಿಗೆ ಬೀಳುತ್ತಿದ್ದಾರೆ, ಬೀಳಿಸುವುದು ಯಾವುದು? ಕೂಲಿಯ ಅನಿಶ್ಚಯ, ಸಾಲ, ರೋಗ, ದಲ್ಲಾಳಿಗಳ ಲಾಭಕೋರತನ. ಹಿಂದಿರುಗಿ ಮತ್ತೆ ಶಿಂಕಾವಾದಲ್ಲಿಯೇ ನೆಲೆಸಿ ಕಾರ್ಮಿಕರನ್ನು ಸಂಘಟಿಸಿದರು. 1920ರಲ್ಲಿ ತಮ್ಮ ಜೀವನವನ್ನೇ ಕಥೆಯಾಗಿಸಿ ಬರೆದ ಕಾದಂಬರಿ ದೇಶದ ತುಂಬ ಮಾರಾಟವಾಯಿತು. ಬಂದ ಹಣ ಬಂದಂತೆಯೇ ಸಂಘಗಳಿಗೂ ಕೇರಿಗೂ ಹೋಯಿತು. 1921ರಲ್ಲಿ ಕೋಬೆಯ ಹಡಗುಕಟ್ಟೆಗಳಲ್ಲಿ ಭಾರೀ ಮುಷ್ಕರ ನಡೆದಾಗ ಮುಂದಾಳಾಗಿ ನಿಂತು ಸೆರೆಮನೆಯನ್ನು ಕಂಡರು. ಅದೇ ವರ್ಷ ಕೋಬೆಯಲ್ಲಿ ಅವರ ನೆರವಿನಿಂದ ಹುಟ್ಟಿದ ಗ್ರಾಹಕರ ಸಹಕಾರ ಸಂಘವು ಬೆಳೆದು ಜಪಾನಿನ ಬಹುದೊಡ್ಡ ಸಹಕಾರ ಸಂಸ್ಥೆಗಳಲ್ಲಿ ಒಂದಾಯಿತು. 1922ರಲ್ಲಿ ರೈತರ ಸಂಘ. 1923ರ ಸೆಪ್ಟೆಂಬರ್ 1ರಂದು ಭೂಕಂಪದಿಂದ ಟೋಕಿಯೋ ಸುಟ್ಟು ಲಕ್ಷಾಂತರ ಜನ ಮನೆಯಿಲ್ಲದವರಾದಾಗ, ಕೋಬೆಯನ್ನು ಬಿಟ್ಟು ಅಲ್ಲಿಗೆ ಹೋಗಿ ಡೇರೆಗಳಲ್ಲಿ ಇದ್ದುಕೊಂಡು ಸೇವೆಮಾಡಿದರು. 1927ರಲ್ಲಿ ಕೊಳಚೆ ವಸತಿಗಳ ಸುಧಾರಣೆಗೆ ಕಾನೂನು ಬಂದಿತು. ಅದರ ಹಿಂದೆ ಅವರ ಬರಹಗಳ ಪ್ರಭಾವವಿದ್ದಿತು.

ಇಷ್ಟನ್ನು ಹೇಳಿ ನಿಲ್ಲಿಸಿದ್ದರೆ ಸುಲಭವಾಗುತ್ತಿತ್ತು. ಆದರೆ 1915ರಲ್ಲಿ ಪ್ರಕಟವಾದ, ಬಡವರ ಮನಸ್ಸನ್ನು ಕುರಿತ ಅವರ ಗ್ರಂಥದಲ್ಲಿ, ಜಪಾನಿನ ಅಸ್ಪೃಶ್ಯರೆನ್ನಬಹುದಾದ ಬುರಾಕು ಜನರನ್ನು ಬೇರೆ ಕುಲದವರೆಂದೂ ಹುಟ್ಟಿನಿಂದಲೇ ಕೀಳೆಂದೂ ತೋರುವಂತೆ ಬರೆದ ಮಾತುಗಳಿವೆ. ಆ ಜನ ಅದನ್ನು ಮರೆಯಲಿಲ್ಲ, ಮರೆಯಬೇಕಾಗಿಯೂ ಇಲ್ಲ. ಅವರ ಜೊತೆಯಲ್ಲಿ ಉಂಡು ಮಲಗಿದವರ ಲೇಖನಿಯಿಂದ ಇದು ಹೇಗೆ ಬಂದಿತೆಂದು ನಾವು ಬಹಳ ಯೋಚಿಸಿದೆವು. ಕಲಿತ ವಿದ್ಯೆ ಕಣ್ಣಾರೆ ಕಂಡುದನ್ನೂ ಮರೆಮಾಡಬಲ್ಲುದು.

ತಾಂಬರಂ ಸಮ್ಮೇಳನ ಮುಗಿದ ಮೇಲೆ, 1939ರ ಜನವರಿಯಲ್ಲಿ, ಕಾಗವಾ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಕಂಡರು. ಆಗ ಜಪಾನಿನ ಸೈನ್ಯ ಚೀನಾವನ್ನು ತುಳಿಯುತ್ತಿತ್ತು. ಯುದ್ಧದ ವಿಷಯದಲ್ಲಿ ತಮ್ಮ ಮತ ಸರಕಾರದ ಮತವಲ್ಲವೆಂದು ಕಾಗವಾ ಒಪ್ಪಿಕೊಂಡು, ತಮ್ಮ ಸ್ಥಾನದಲ್ಲಿದ್ದರೆ ಗಾಂಧೀಜಿ ಏನು ಮಾಡುತ್ತಿದ್ದರೆಂದು ಕೇಳಿದರು. ಗಾಂಧೀಜಿ ಮೊದಲು ಹಿಂದೆಗೆದರು. ಒತ್ತಾಯಿಸಿದ ಮೇಲೆ, ತಾವಾದರೆ ಆ ಮತವನ್ನು ಬಹಿರಂಗವಾಗಿ ಸಾರಿ ಗುಂಡಿಗೆ ಎದೆಯೊಡ್ಡುತ್ತಿದ್ದೆವೆಂದರು. ಸಹಕಾರ ಸಂಘಗಳನ್ನೂ ಉಳಿದೆಲ್ಲ ಕೆಲಸವನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ದೇಶದ ಮಾನವನ್ನು ಇನ್ನೊಂದರಲ್ಲಿಟ್ಟು ತೂಗಬೇಕೆಂದು ತಿಳಿಸಿದರು. ಮನಸ್ಸಿನಲ್ಲಿ ಆ ನಂಬಿಕೆಯಿದೆ, ಗೆಳೆಯರು ಬೇಡವೆನ್ನುತ್ತಿದ್ದಾರೆ ಎಂದು ಕಾಗವಾ ಉತ್ತರಿಸಿದರು.

ಚೀನಾದ ಜನರ ಕ್ಷಮೆ ಕೋರಿ ಅವರು ಮೊದಲೇ ಬರೆದಿದ್ದರು. 1940ರ ಆಗಸ್ಟಿನಲ್ಲಿ ಸೈನಿಕ ಪೊಲೀಸರು ಅವರನ್ನು ಬಂಧಿಸಿ ಕೆಲವು ದಿನ ಸೆರೆಯಲ್ಲಿಟ್ಟರು. ಆದರೆ ಅಮೆರಿಕದೊಡನೆ ಯುದ್ಧ ನಡೆದ ಕಾಲದಲ್ಲಿ ಅದೇ ಕಾಗವಾ ಸರಕಾರದ ರೇಡಿಯೋದಲ್ಲಿ ಅಮೆರಿಕದ ವಿರುದ್ಧ ಮಾತನಾಡಿದರು. ಬಾಂಬುಗಳಿಂದ ಉರಿಯುತ್ತಿದ್ದ ತಮ್ಮ ಪಟ್ಟಣಗಳನ್ನು ಕಂಡು ಆಡಿದರೆಂದು ಕೆಲವರು ಹೇಳುತ್ತಾರೆ. ಎದೆ ಸೋತಿತೆಂದು ಕೆಲವರು. ಕೇರಿಯಲ್ಲಿ ಹಲ್ಲು ಮುರಿದವನ ಮುಂದೆ ಸೋಲದವರು ಇಲ್ಲಿ ಸೋತರೆಂದರೆ ಅದು ನಮಗೂ ನೋವಿನ ಮಾತೇ. ಹಾಗೆಂದು ಮುಚ್ಚಿಡಲಾರೆವು.

ಯುದ್ಧ ಮುಗಿದ ಮೇಲೆ, ಸುಟ್ಟುಹೋದ ಊರುಗಳಲ್ಲಿ ಲೆಕ್ಕವಿಲ್ಲದಷ್ಟು ಜನ ಬೀದಿಯ ಪಾಲಾಗಿದ್ದಾಗ, ಅವರು ಮತ್ತೆ ಪರಿಹಾರದ ಕೆಲಸಕ್ಕೂ ಬೋಧನೆಗೂ ಹೊರಟರು. ಕಣ್ಣು ಮಂಜಾಗಿತ್ತು, ಹೃದಯವೂ ಮೂತ್ರಪಿಂಡವೂ ಕೆಟ್ಟಿದ್ದುವು. ಕೆಲವೇ ವರ್ಷ ಬದುಕುವೆನೆಂದು ಕೇರಿಯನ್ನು ಹೊಕ್ಕವರು ಆಮೇಲೆ ಐವತ್ತು ವರ್ಷ ಬದುಕಿ, 1960ರ ಏಪ್ರಿಲ್ 23ರಂದು ಟೋಕಿಯೋದಲ್ಲಿ ತೀರಿಕೊಂಡರು. ಹರು ಉಳಿದ ಒಂದು ಕಣ್ಣಿನಿಂದಲೇ ಅವರು ಬಿಟ್ಟುಹೋದ ಕೆಲಸಗಳನ್ನು ನೋಡಿಕೊಳ್ಳುತ್ತ 1982ರವರೆಗೆ ಬಾಳಿದಳು.