ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು

ಹಿರಿಯರ ಕಾರ್ಯವನ್ನು ಕೊಂಡಾಡುವುದು ಸುಲಭ. ಅದರಲ್ಲಿ ಕೊರತೆಗಳನ್ನು ಎಣಿಸುವುದು ಇನ್ನೂ ಸುಲಭ. ಆದರೆ ಕೊಂಡಾಡುತ್ತಲೇ ತಿದ್ದುವುದು, ತಿದ್ದುತ್ತಲೇ ಕೃತಜ್ಞರಾಗಿರುವುದು ವಿದ್ಯಾವಂತರಿಗೆ ಮಾತ್ರ ಸಾಧ್ಯ. ಈ ಸತ್ಯವನ್ನು ಮನಗಾಣಲು ಡಾ. ಫ. ಗು. ಹಳಕಟ್ಟಿಯವರ ಜೀವನವನ್ನು ಅವಲೋಕಿಸಬೇಕು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು, ತಾಯಿ ದಾನಮ್ಮನವರು. ಮುಂಬಯಿಯಲ್ಲಿ ಉಚ್ಚ ಶಿಕ್ಷಣವನ್ನೂ ನ್ಯಾಯಶಾಸ್ತ್ರದ ಅಧ್ಯಯನವನ್ನೂ ಮುಗಿಸಿ, ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿ ನೆಲೆನಿಂತರು. 1910ರಲ್ಲಿ ಅಲ್ಲಿ ವಿದ್ಯಾವರ್ಧಕ ಸಂಘದ ಸ್ಥಾಪನೆಗೆ ಕಾರಣರಾದರು. ಹಣ, ಕೀರ್ತಿ, ಪದವಿಗಳು ವಕೀಲಿಯಿಂದ ಒದಗಬಹುದಾಗಿದ್ದ ಕಾಲದಲ್ಲಿ ಅವರ ಮನಸ್ಸು ಮನೆಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಓಲೆಗರಿಗಳತ್ತ ಹರಿಯಿತು.

ಆ ಕಟ್ಟುಗಳನ್ನು ಜನರು ಪೂಜಿಸುತ್ತಿದ್ದರೇ ಹೊರತು ಓದುತ್ತಿರಲಿಲ್ಲ. ಹಳಕಟ್ಟಿಯವರು ಊರೂರು ಅಲೆದು, ಬೇಡಿ ತಂದು, ಪ್ರತಿಮಾಡಿ, ವಿಷಯಾನುಸಾರವಾಗಿ ವಿಂಗಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚುಹಾಕಿಸಿದರು. ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. ಬಾಡಿಗೆ ಮನೆಯ ವಾಸ, ಸೈಕಲ್ಲಿನ ಸಂಚಾರ, ಹರಿದ ಕೋಟು, ಇವು ಆ ಸಾಹಸಕ್ಕೆ ಅವರು ತೆತ್ತ ಬೆಲೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಬರಿಯ ಸ್ತುತಿಯಾದೀತು. ಓಲೆಗರಿಯಲ್ಲಿ ಪದಪದಗಳ ನಡುವೆ ತೆರವಿಲ್ಲ, ವಿರಾಮಚಿಹ್ನೆಗಳಿಲ್ಲ. ಸವೆದ ಗರಿಯ ಮೇಲೆ ಪಕಾರ ವಕಾರಗಳು ಒಂದೇ ಬಗೆಯಾಗಿ ಕಾಣುತ್ತವೆ. ಲಿಪಿಕಾರನ ಕಣ್ಣು ಜಾರಿದರೆ ಒಂದು ಸಾಲೇ ಬಿಟ್ಟುಹೋಗುತ್ತದೆ. ಹಲವು ಪ್ರತಿಗಳನ್ನು ಇದಿರಿಟ್ಟು ಪಾಠಾಂತರಗಳನ್ನು ತೂಗಿ ನೋಡುವ ಶಾಸ್ತ್ರೀಯ ಸಂಪಾದನೆಗೆ, ಒಬ್ಬಂಟಿಗರಾಗಿ ಎಲ್ಲವನ್ನೂ ಹೊತ್ತಿದ್ದ ಅವರಿಗೆ ಬಿಡುವಿರಲಿಲ್ಲ. ಆದಕಾರಣ ಅವರ ಮುದ್ರಣಗಳಲ್ಲಿ ತಪ್ಪುಪಾಠಗಳು ಉಳಿದವು. ವಿಷಯಾನುಸಾರದ ವಿಂಗಡಣೆಯಿಂದ ಹಸ್ತಪ್ರತಿಗಳ ಮೂಲ ಅನುಕ್ರಮವೂ ಮರೆಯಾಯಿತು.

ಮುಂದೆ ಶಿ. ಶಿ. ಬಸವನಾಳ, ಎಲ್. ಬಸವರಾಜು, ಆರ್. ಸಿ. ಹಿರೇಮಠ ಮೊದಲಾದ ವಿದ್ವಾಂಸರು ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ ವಚನಗಳನ್ನು ಪರಿಷ್ಕರಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿದಾಗ ಅದರ ಪ್ರಧಾನ ಸಂಪಾದಕರಾಗಿದ್ದವರು ಡಾ. ಎಂ. ಎಂ. ಕಲಬುರ್ಗಿಯವರು. ಹಳಕಟ್ಟಿಯವರ ಬರಹಗಳನ್ನೆಲ್ಲ ಕಲೆಹಾಕಿ ಸಂಪುಟಗಳಾಗಿ ಹೊರತರುವ ಕಾರ್ಯಕ್ಕೂ ಅವರದೇ ನೇತೃತ್ವವಿತ್ತು. ಹಿರಿಯರ ಪಾಠವನ್ನು ಮರುಪರಿಶೀಲಿಸಿದ ಕೈಯೇ ಹಿರಿಯರ ಪರಿಶ್ರಮವನ್ನು ಕಾಪಾಡಿತೆಂಬುದು ಗಮನಾರ್ಹ. ಇಲ್ಲಿ ವಿಮರ್ಶೆಯೂ ಒಂದು ಬಗೆಯ ಗೌರವವೇ ಆಗಿದೆ.

ಇನ್ನೊಂದು ಮಾತು. ಗಂಟಿನೊಳಗಿದ್ದ ಓಲೆಯನ್ನು ಯಾರೂ ತಿದ್ದಲಾರರು. ಅದು ಅಚ್ಚಾಗಿ ಲೋಕದ ಕೈಸೇರಿದಾಗಲೇ ಅದರ ದೋಷ ಕಾಣುತ್ತದೆ. ಹಳಕಟ್ಟಿಯವರ ತಪ್ಪುಗಳು ನಮಗೆ ಕಾಣುವುದು ಅವರೇ ಹಚ್ಚಿದ ದೀಪದ ಬೆಳಕಿನಲ್ಲಿ. ದೋಷಕ್ಕೆ ಅಂಜಿ ಅವರು ಕೈಕಟ್ಟಿ ಕುಳಿತಿದ್ದರೆ ಎಷ್ಟೋ ಕಟ್ಟುಗಳು ಗೆದ್ದಲಿನ ಪಾಲಾಗುತ್ತಿದ್ದವು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಪ್ರಬಂಧದ ಮೇಲೆ ಗುರುಗಳು ಕೆಂಪು ಶಾಯಿಯ ಗೆರೆ ಎಳೆದಾಗ ಮನಸ್ಸು ಮುದುಡಬಾರದು. ನೀವು ಪಟ್ಟ ಶ್ರಮ ಆ ಗೆರೆಯಿಂದ ಅಳಿಯುವುದಿಲ್ಲ. ಗೆರೆ ಎಳೆಯುವ ಗುರುಗಳಾದ ನಾವು ಕೂಡ, ಬರೆದ ಕೈಯ ದುಡಿಮೆಯನ್ನು ಮೊದಲು ಕಂಡು ಬಳಿಕ ತಪ್ಪನ್ನು ತೋರಿಸುವುದು ಲೇಸು. ಕದರಮಂಡಲಗಿಯಲ್ಲಾಗಲಿ ಸುತ್ತಲಿನ ಹಳ್ಳಿಗಳಲ್ಲಾಗಲಿ ಹಳೆಯ ಮನೆಯ ಅಟ್ಟದಲ್ಲಿ ಓಲೆಗರಿಯ ಕಟ್ಟೊಂದು ಕಂಡುಬಂದರೆ ಅದನ್ನು ಹೊಳೆಗೆ ಬಿಡದೆ, ಒಲೆಗೆ ಹಾಕದೆ ಬಲ್ಲವರ ಕೈಗೆ ಒಪ್ಪಿಸಿರಿ. ಆ ಮಹನೀಯರಿಗೆ ಇದಕ್ಕಿಂತ ಮಿಗಿಲಾದ ಶ್ರದ್ಧಾಂಜಲಿ ಬೇರೊಂದಿಲ್ಲ.