ಮಕ್ಕಳ ಅಂಜಿಕೆ ಬಿಡಿಸಿದ ಪಂಜೆ ಮಾಸ್ತರರು



ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಉರ್ದು ಪ್ರಾಥಮಿಕ ಶಾಲೆಗಳಲ್ಲಿ ಕನ್ನಡದ ತಾಸು ಶುರುವಾದಾಗ ಒಮ್ಮೆ ಬಂದು ಹಿಂದಿನ ಸಾಲಿನಲ್ಲಿ ಕುಳಿತು ನೋಡಿ. ಅಂಗಳದಲ್ಲಿ ಕೂಗಾಡುತ್ತಿದ್ದ ಮಗು ಪುಸ್ತಕ ತೆಗೆದೊಡನೆ ಸುಮ್ಮನಾಗುತ್ತದೆ. ಅದೇ ಮಗು ಸಂತೆಯಲ್ಲಿ ಅಬ್ಬಾನ ಜೊತೆ ನಿಂತು ಕನ್ನಡದಲ್ಲಿ ಚೌಕಾಸಿ ಮಾಡುತ್ತದೆ! ಭಾಷೆ ಬಾರದೆಂದಲ್ಲ, ತಪ್ಪಾಡಿದರೆ ನಗುತ್ತಾರೆಂಬ ಅಂಜಿಕೆ. ಈ ಅಂಜಿಕೆಯನ್ನು ಬಲ್ಲ ಒಬ್ಬ ಶಿಕ್ಷಕರ ಬದುಕನ್ನು ನಿಮಗೆ ಪರಿಚಯಿಸಬೇಕೆಂದು ಈ ಬರಹ.

ಪಂಜೆ ಮಂಗೇಶರಾಯರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಊರಮಾತು ತುಳು, ಶಾಲೆಯ ಮಾತು ಕನ್ನಡ. ನಮ್ಮ ಮಕ್ಕಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಅಲ್ಲವೇ? ಕಷ್ಟದಲ್ಲೇ ಓದಿ, ಮಂಗಳೂರಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲಾ ಇನ್‌ಸ್ಪೆಕ್ಟರರೂ ಆದರು.

ಆ ಕಾಲದಲ್ಲಿ ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಮಕ್ಕಳಿಗಿಂತ ಮೊದಲು ಮಾಸ್ತರರೇ ನಡುಗುತ್ತಿದ್ದರು. (ಈಗಲೂ ಪೂರ್ತಿ ಹೋಗಿಲ್ಲ, ಬಿಡಿ.) ಪಂಜೆಯವರು ಮಾತ್ರ ಮಕ್ಕಳ ನಡುವೆ ಬೆರೆತು, ಕಥೆ ಹೇಳಿ, ಹಾಡು ಕಲಿಸುತ್ತಿದ್ದರೆಂದು ಹೇಳುತ್ತಾರೆ. ನೀತಿ ಬೋಧನೆಯೇ ತುಂಬಿದ್ದ ಪಾಠಗಳ ಕಾಲದಲ್ಲಿ ಅವರು ಮಕ್ಕಳಿಗೆ ನಗುವುದಕ್ಕೆಂದೇ ಬರೆದರು. ಮೂರು ಕರಡಿಗಳು, ಇಲಿಗಳ ಥಕಥೈ, ಹೇನು ಸತ್ತು ಕಾಗೆ ಬಡವಾದ ಕಥೆ, ಇವೆಲ್ಲ ಅವರ ಕೈಯಿಂದ ಕನ್ನಡಕ್ಕೆ ಬಂದವು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು.

ಅವರ ಹಾವಿನ ಹಾಡನ್ನು ಒಬ್ಬ ಶಿಕ್ಷಕನಾಗಿ ನೋಡಿದಾಗ ನನಗೆ ಬೆರಗಾಗುತ್ತದೆ. ಮಗು ಅತಿ ಹೆಚ್ಚು ಹೆದರುವ ಪ್ರಾಣಿಯನ್ನೇ ಅಲ್ಲಿ ಹತ್ತಿರ ಕರೆಯುತ್ತದೆ. ಹಾಲು ಕೊಡುತ್ತೇನೆ ಅನ್ನುತ್ತದೆ, ಕೊಳಲು ಊದುತ್ತೇನೆ ಅನ್ನುತ್ತದೆ, ತಲೆಯ ಮೇಲಿನ ರತ್ನ ಕೇಳುತ್ತದೆ, ಕೊನೆಗೆ ತಾನೇ ಹೋಗೆಂದು ಕಳಿಸಿಬಿಡುತ್ತದೆ. ಹೆದರಬೇಡ ಎಂದು ಎಲ್ಲಿಯೂ ಉಪದೇಶವಿಲ್ಲ. ಪ್ರತಿ ನುಡಿಯ ಕೊನೆಗೆ ಒಂದೇ ಅಕ್ಷರ ಮತ್ತೆ ಮತ್ತೆ ಬರುವುದರಿಂದ, ಕನ್ನಡ ಓದಲು ಬಾರದ ಮಗುವೂ ಅಲ್ಲಿ ಎಲ್ಲರೊಡನೆ ದನಿ ಕೂಡಿಸಬಹುದು. ಎಲ್ಲರೂ ಕೂಡಿ ಹಾಡುವಾಗ ಯಾರ ತಪ್ಪು ಯಾರಿಗೂ ಕೇಳಿಸುವುದಿಲ್ಲ. ನಮ್ಮ ಮೂರನೆಯ ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದಿದ್ದ ಹುಡುಗಿಯೊಬ್ಬಳ ಮೊದಲ ಕನ್ನಡ ನುಡಿ ನಾನು ಕೇಳಿದ್ದು ಈ ಹಾಡಿನಲ್ಲಿಯೇ. ಮರುದಿನ ಅವಳೇ ಎದ್ದು, ಸರ್, ಹಾವು ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದಳು. ಕೇಳಿದ್ದು ಅರ್ಧ ಉರ್ದು, ಅರ್ಧ ಕನ್ನಡ. ನಾನು ತಿದ್ದಲಿಲ್ಲ.

ಪಂಜೆಯವರು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗಿನ ಸುಗ್ಗಿಯ ಹಬ್ಬದ ಮೇಲೆ ಅವರು ಬರೆದ ಹುತ್ತರಿ ಹಾಡನ್ನು ಕೊಡಗಿನವರು ಇಂದಿಗೂ ತಮ್ಮದೆಂದು ಹಾಡುತ್ತಾರೆ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ರಾಯಚೂರು ನಿಜಾಮರ ರಾಜ್ಯದಲ್ಲಿತ್ತು, ಸರಕಾರದ ಭಾಷೆ ಉರ್ದು. 1937ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡದ್ದೂ ಹೈದರಾಬಾದಿನಲ್ಲಿಯೇ.

ಅವರು ತಮ್ಮನ್ನು ಕರೆದುಕೊಂಡದ್ದು ಕವಿಶಿಷ್ಯ ಎಂದು. ಹಾವಿನ ಹಾಡು ಬರೆದವರು ಯಾರೆಂದು ನಮ್ಮ ಮಕ್ಕಳನ್ನು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹಾಡು ಮಾತ್ರ ಎಲ್ಲರಿಗೂ ಬರುತ್ತದೆ.