ಸಾಮ್ರಾಜ್ಞಿ ಮ್ಯೊಂಗ್‌ಸೊಂಗ್

ಮ್ಯೊಂಗ್‌ಸೊಂಗ್ (17 ನವೆಂಬರ್ 1851 – 8 ಅಕ್ಟೋಬರ್ 1895) ಕೊರಿಯಾದ ಜೊಸೊನ್ ರಾಜವಂಶದ 26ನೆಯ ಅರಸನಾದ ಗೊಜೊಂಗ್‌ನ ಪಟ್ಟದರಸಿ. ರಾಣಿ ಮಿನ್ ಎಂಬ ಹೆಸರಿನಿಂದಲೂ ಪರಿಚಿತಳು. ಮಿನ್ ಎಂಬುದು ಆಕೆಯ ತವರಿನ ಕುಲನಾಮವೇ ಹೊರತು ಬಿರುದಲ್ಲ. ಆಕೆ ಜೀವಿತಕಾಲದಲ್ಲಿ ಎಂದೂ ಸಾಮ್ರಾಜ್ಞಿಯಾಗಿರಲಿಲ್ಲ. ಆ ಪದವಿ ಮರಣಾನಂತರ ಸಂದಿತು.

ಜನನ ಮತ್ತು ಹೆಸರು

ಮ್ಯೊಂಗ್‌ಸೊಂಗ್ ಯೊಜು ಎಂಬಲ್ಲಿ ಮಿನ್ ಚಿ-ರೋಕ್‌ನ ಮಗಳಾಗಿ ಜನಿಸಿದಳು. ಜಾ-ಯೊಂಗ್ ಎಂಬುದು ಆಕೆಯ ಜನ್ಮನಾಮವೆಂದು ಹಲವೆಡೆ ಬರೆಯಲಾಗಿದೆಯಾದರೂ ಸಮಕಾಲೀನ ಅಧಿಕೃತ ದಾಖಲೆಗಳಲ್ಲಿ ಅದಕ್ಕೆ ಆಧಾರವಿಲ್ಲ. ಅದು ಆಧುನಿಕ ಕಾದಂಬರಿ, ನಾಟಕಗಳಿಂದ ಪ್ರಚಾರಕ್ಕೆ ಬಂದ ಹೆಸರು. ಬಾಲ್ಯದಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡಳೆಂಬ ಹೇಳಿಕೆಯೂ ಸರಿಯಲ್ಲ. 1858ರಲ್ಲಿ ತೀರಿಕೊಂಡವನು ತಂದೆ ಮಾತ್ರ. ಹಾನ್‌ಸಾನ್ ಯೀ ಕುಲದ ತಾಯಿಯು ಮಗಳು ಪಟ್ಟವೇರಿದುದನ್ನು ಕಂಡಳು. ಚಾಂದ್ರಮಾನ ಗಣನೆಯಂತೆ 1874ರ ಕೊನೆಯಲ್ಲಿ ನಡೆದ ಸ್ಫೋಟವೊಂದರಲ್ಲಿ ದತ್ತುಪುತ್ರ ಮಿನ್ ಸುಂಗ್-ಹೊನೊಂದಿಗೆ ಮಡಿದಳು.

ವಿವಾಹ ಮತ್ತು ರಾಜಕೀಯ

1866ರಲ್ಲಿ ವಿವಾಹವಾದಾಗ ಆಕೆಗೆ 14 ವರ್ಷ ತುಂಬಿತ್ತು. ಕೆಲವೆಡೆ ಕಾಣುವ 16 ಎಂಬ ಸಂಖ್ಯೆ ಕೊರಿಯಾದ ಸಾಂಪ್ರದಾಯಿಕ ವಯೋಗಣನೆಗೆ ಸೇರಿದ್ದು. 1873ರಲ್ಲಿ ಗೊಜೊಂಗ್‌ನ ತಂದೆ ದೇವೊನ್‌ಗುನ್ ಅಧಿಕಾರದಿಂದ ದೂರವಾದ ಬಳಿಕ ಮಿನ್ ಕುಲದ ಪ್ರಭಾವ ಬೆಳೆಯಿತು. 1874ರಲ್ಲಿ ಯುವರಾಜ ಸುನ್‌ಜೊಂಗ್ ಹುಟ್ಟಿದನು. 1882ರ ಸೈನಿಕರ ದಂಗೆಯಲ್ಲಿ ಆಕೆ ಅರಮನೆಯಿಂದ ತಪ್ಪಿಸಿಕೊಂಡು ಅಡಗಿದ್ದಾಗ, ಅಧಿಕಾರಕ್ಕೆ ಮರಳಿದ್ದ ದೇವೊನ್‌ಗುನ್ ಆಕೆ ಮೃತಳಾದಳೆಂದು ಘೋಷಿಸಿದನು. ಚೀನೀ ಸೈನ್ಯ ಅವನನ್ನು ಸೆರೆಹಿಡಿದು ಒಯ್ದ ಮೇಲೆ ಆಕೆ ರಾಜಧಾನಿಗೆ ಹಿಂದಿರುಗಿದಳು.

ಹತ್ಯೆ ಮತ್ತು ಪದವಿಗಳು

ಜಪಾನಿನ ಒತ್ತಡವನ್ನು ಎದುರಿಸಲು ರಾಣಿ ರಷ್ಯಾದ ಕಡೆಗೆ ಒಲಿದಳು. 8 ಅಕ್ಟೋಬರ್ 1895ರ ಮುಂಜಾನೆ ಜಪಾನಿನ ರಾಯಭಾರಿ ಮಿಯುರಾ ಗೊರೊನ ಸಂಚಿನಂತೆ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ನುಗ್ಗಿದವರು ಆಕೆಯನ್ನು ಕೊಂದು ದೇಹವನ್ನು ಸುಟ್ಟರು. ಮಿಯುರಾ ಮತ್ತು ಸಹಚರರು ಹಿರೋಶಿಮಾದಲ್ಲಿ ವಿಚಾರಣೆಗೆ ಒಳಗಾದರೂ ಸಾಕ್ಷ್ಯದ ಕೊರತೆಯ ನೆಪದಲ್ಲಿ ಬಿಡುಗಡೆಗೊಂಡರು.

ಹತ್ಯೆಯಾದ ಎರಡು ದಿನಗಳಲ್ಲಿ, ಸಾವನ್ನು ಪ್ರಕಟಿಸುವ ಮೊದಲೇ, ಒತ್ತಡಕ್ಕೆ ಸಿಲುಕಿದ ಆಸ್ಥಾನದ ಆಜ್ಞೆಯೊಂದು ಆಕೆಯನ್ನು ಸಾಮಾನ್ಯ ಪ್ರಜೆಯ ಸ್ಥಾನಕ್ಕೆ ಇಳಿಸಿತು. ಮರುದಿನ ಯುವರಾಜನ ಸಲುವಾಗಿ ಬಿನ್ ಎಂಬ ಉಪಪತ್ನಿಯ ದರ್ಜೆ ನೀಡಲಾಯಿತು. ನವೆಂಬರ್‌ನಲ್ಲಿ ರಾಣಿಪದವಿ ಮರಳಿತು. ಮ್ಯೊಂಗ್‌ಸೊಂಗ್ ಎಂಬ ಮರಣೋತ್ತರ ನಾಮ ದೊರೆತುದು 1897ರಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೊಜೊಂಗ್ ಕೊರಿಯಾವನ್ನು ಸಾಮ್ರಾಜ್ಯವೆಂದು ಘೋಷಿಸಿದಾಗ ಆಕೆಗೆ ಸಾಮ್ರಾಜ್ಞಿ ಪದವಿ ಸಂದಿತು. ಅಂತ್ಯಕ್ರಿಯೆ ನಡೆದುದು ಅದರ ನಂತರ, ನವೆಂಬರ್‌ನಲ್ಲಿ.

ಜನಪ್ರಿಯ ಮಾಧ್ಯಮದಲ್ಲಿ

1995ರಲ್ಲಿ ಪ್ರದರ್ಶನಗೊಂಡ ಸಂಗೀತ ನಾಟಕವು ಇಂಗ್ಲಿಷಿನಲ್ಲಿ ದಿ ಲಾಸ್ಟ್ ಎಂಪ್ರೆಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ವಾಸ್ತವದಲ್ಲಿ ಕೊರಿಯಾದ ಕೊನೆಯ ಸಾಮ್ರಾಜ್ಞಿ ಆಕೆಯ ಸೊಸೆ, ಸುನ್‌ಜೊಂಗ್‌ನ ಎರಡನೆಯ ಪತ್ನಿ ಸುನ್‌ಜಿಯೊಂಗ್. ಈಕೆ 1966ರವರೆಗೆ ಬದುಕಿದ್ದಳು. ಮ್ಯೊಂಗ್‌ಸೊಂಗ್‌ಳದೆಂದು ಪ್ರಚಾರದಲ್ಲಿರುವ ಛಾಯಾಚಿತ್ರಗಳಲ್ಲಿ ಒಂದೂ ನಿರ್ವಿವಾದವಾಗಿ ದೃಢಪಟ್ಟಿಲ್ಲ. ಗೊಜೊಂಗ್ 1919ರಲ್ಲಿ ನಿಧನನಾದಾಗ ಆಕೆಯ ಸಮಾಧಿಯನ್ನು ಈಗಿನ ನಾಮ್‌ಯಾಂಗ್‌ಜು ನಗರದ ಹೊಂಗ್‌ನುಂಗ್‌ಗೆ ಸ್ಥಳಾಂತರಿಸಿ, ಇಬ್ಬರನ್ನೂ ಒಟ್ಟಿಗೆ ಸಮಾಧಿ ಮಾಡಲಾಯಿತು.